ಉಚಿತ ವಿದ್ಯೆಗೆ ತೆರುವ ಬೆಲೆ

ವಾಡಿಯಿಂದ ಸಿಕಂದರಾಬಾದಿನವರೆಗೆ 1874ರಲ್ಲಿ ಹಾಕಿದ ರೈಲು ಮಾರ್ಗದಲ್ಲಿ ಚಿತ್ತಾಪುರ, ಮಳಖೇಡ, ಸೇಡಂ ಒಂದರ ಹಿಂದೆ ಒಂದು ಬರುತ್ತವೆ. ವಾಡಿಯಿಂದ ಕಲಬುರಗಿಯ ಕಡೆಗೆ ಹೊರಟರೆ ಶಹಾಬಾದ್. ರೈಲು ಇಂದಿಗೂ ಮುಟ್ಟದ ಚಿಂಚೋಳಿ, ಕಾಡು ಮತ್ತು ಗುಡ್ಡಗಳ ನಡುವೆ ಉತ್ತರಕ್ಕಿದೆ. ಈ ಐದೂ ಊರುಗಳಿಂದ ಒಂದೂವರೆ ಶತಮಾನದ ಅವಧಿಯಲ್ಲಿ ಹೊರಗೆ ಹೋದ ಸಾಮಗ್ರಿಗೆ ಲೆಕ್ಕವಿಲ್ಲ. ಶಹಾಬಾದಿನ ಫರ್ಸಿ ಕಲ್ಲು ದೇಶದ ಅದೆಷ್ಟೋ ಮನೆಗಳ, ರೈಲು ನಿಲ್ದಾಣಗಳ ನೆಲವಾಗಿದೆ. ವಾಡಿ, ಮಳಖೇಡ, ಸೇಡಂಗಳ ಸಿಮೆಂಟು ಮಹಾನಗರಗಳ ಗೋಡೆಯಾಗಿದೆ. ಚಿಂಚೋಳಿಯ ತೊಗರಿ ಎಲ್ಲೆಲ್ಲೋ ಬೇಳೆಯಾಗಿ ಬೆಂದಿದೆ. ಇವುಗಳ ಜತೆಗೆ ಅದೇ ರೈಲಿನಲ್ಲಿ ಈ ಭಾಗದ ತರುಣರೂ ಹೊರಗೆ ಹೋಗಿದ್ದಾರೆ. ಹೊರಗಿನಿಂದ ಒಳಗೆ ಬರಬೇಕಾದ ವಿದ್ಯೆ ಮಾತ್ರ ಅಷ್ಟೇ ಸಲೀಸಾಗಿ ಬಂದಿದೆಯೆಂದು ಹೇಳಲಾಗದು.

ಇಲ್ಲಿ ಚರ್ಚಿಸಹೊರಟಿರುವುದು ಮೇಲ್ನೋಟಕ್ಕೆ ಹಗುರವೆನಿಸುವ ಒಂದು ವಿದ್ಯೆಯ ಬಗ್ಗೆ: ಗಣಕದ ಆಟಗಳನ್ನು ರಚಿಸುವ ವಿದ್ಯೆ, ಅಂದರೆ ಗೇಮ್ ಪ್ರೋಗ್ರಾಮಿಂಗ್. ಮೊಬೈಲಿನಲ್ಲಿ ಆಟವಾಡದ ಹುಡುಗರು ಈಗ ಯಾವ ಊರಿನಲ್ಲೂ ಇಲ್ಲ. ನೂರು ಮಂದಿ ಆಡುವವರಲ್ಲಿ ಇಬ್ಬರಿಗೋ ಮೂವರಿಗೋ ‘ಇದನ್ನು ಹೇಗೆ ಮಾಡಿದ್ದಾರೆ?’ ಎಂಬ ಪ್ರಶ್ನೆ ಹುಟ್ಟುತ್ತದೆ. ಶಿಕ್ಷಣದ ದೃಷ್ಟಿಯಿಂದ ಇದಕ್ಕಿಂತ ಬೆಲೆಬಾಳುವ ಪ್ರಶ್ನೆ ಇನ್ನೊಂದಿಲ್ಲ. ಬಳಕೆದಾರ ತಯಾರಕನಾಗುವ ಮೊದಲ ಹೆಜ್ಜೆ ಅದು. ಬೆಂಗಳೂರಿನ ಜಯನಗರದ ಹುಡುಗಿಗೆ ಆ ಪ್ರಶ್ನೆ ಹುಟ್ಟಿದರೆ ಉತ್ತರಿಸಲು ಅಣ್ಣನೋ ನೆರೆಮನೆಯ ಎಂಜಿನಿಯರೋ ಸಿಗುತ್ತಾರೆ. ಸೇಡಂನ ಅಥವಾ ಚಿಂಚೋಳಿಯ ಹುಡುಗಿ ಆ ಪ್ರಶ್ನೆಯನ್ನು ಯಾರ ಮುಂದೆ ಇಡಬೇಕು?

ಮೊದಲಿಗೆ ಒಂದು ಸಂದೇಹವನ್ನು ನಿವಾರಿಸಿಕೊಳ್ಳುವುದು ಒಳ್ಳೆಯದು. ‘ಗೇಮ್’ ಎಂದೊಡನೆ ಪಾಲಕರ ಕಣ್ಣಮುಂದೆ ಬರುವುದು ಹಣ ಕಟ್ಟಿ ಆಡುವ ಜೂಜು ಮತ್ತು ಅದರಿಂದ ಮುರಿದ ಮನೆಗಳು. ಆ ಭಯ ಅಕಾರಣವಾದುದಲ್ಲ. ಆದ್ದರಿಂದಲೇ ಸಂಸತ್ತು 2025ರ ಆಗಸ್ಟ್‌ನಲ್ಲಿ ಆನ್‌ಲೈನ್ ಗೇಮಿಂಗ್ ಕಾಯ್ದೆಯನ್ನು ಅಂಗೀಕರಿಸಿ ಹಣದ ಆಟಗಳನ್ನು ನಿಷೇಧಿಸಿತು. ಅದೇ ಕಾಯ್ದೆ ಇ-ಕ್ರೀಡೆಗಳನ್ನೂ ಶೈಕ್ಷಣಿಕ ಮತ್ತು ಸಾಮಾಜಿಕ ಆಟಗಳನ್ನೂ ಜೂಜಿನಿಂದ ಬೇರ್ಪಡಿಸಿ, ಅವುಗಳಿಗೆ ಉತ್ತೇಜನ ನೀಡುವ ಮಾತನ್ನೂ ಆಡಿದೆ. ಆಟ ಕಟ್ಟುವುದು ಜೂಜಾಡುವುದಲ್ಲ. ಅದು ಗಣಿತ, ಭೌತವಿಜ್ಞಾನ, ಚಿತ್ರಕಲೆ, ಸಂಗೀತ, ಕಥನ ಇವೆಲ್ಲ ಒಂದೆಡೆ ಸೇರುವ ಕಸುಬು. ಕರ್ನಾಟಕಕ್ಕೆ ಇದು ಹೊಸದೂ ಅಲ್ಲ. ದೇಶದ ಮೊದಲ ಗೇಮ್ ಸಂಸ್ಥೆಗಳಲ್ಲಿ ಒಂದಾದ ಧ್ರುವ ಇಂಟರಾಕ್ಟಿವ್ 1997ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. 2019ರಲ್ಲಿ ಅದನ್ನು ಜಗತ್ಪ್ರಸಿದ್ಧ ರಾಕ್‌ಸ್ಟಾರ್ ಸಂಸ್ಥೆ ಕೊಂಡುಕೊಂಡಿತು. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯವೂ ನಮ್ಮದೇ, 2012ರಲ್ಲಿ. ಅದರ ಪರಿಷ್ಕೃತ ರೂಪ 2024ರಲ್ಲಿ ಬಂದಿದೆ. ನೀತಿಯಲ್ಲಿ ನಾವು ಮುಂದಿದ್ದೇವೆ. ಆದರೆ ನೀತಿಯ ಬೆಳಕು ಬೆಂಗಳೂರಿನಿಂದ ವಾಡಿ ಜಂಕ್ಷನ್‌ವರೆಗೆ ಬಂದು ತಲುಪುವಷ್ಟರಲ್ಲಿ ಮಂಕಾಗಿರುತ್ತದೆ.

ಹುಡುಕಾಟದ ವೆಚ್ಚ

‘ಈಗ ಎಲ್ಲವೂ ಅಂತರ್ಜಾಲದಲ್ಲಿ ಪುಕ್ಕಟೆಯಾಗಿ ಸಿಗುತ್ತದಲ್ಲ, ಕಲಿಯುವ ಮನಸ್ಸು ಬೇಕಷ್ಟೆ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಈ ಮಾತಿನ ಪೂರ್ವಾರ್ಧ ಬಹುಮಟ್ಟಿಗೆ ನಿಜ. ಉತ್ತರಾರ್ಧ ಅನ್ಯಾಯದ್ದು. ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1961ರಲ್ಲಿ ಬರೆದ ಪ್ರಸಿದ್ಧ ಲೇಖನವೊಂದರಲ್ಲಿ ಮಾಹಿತಿಗೂ ಒಂದು ಬೆಲೆಯಿದೆ, ಅದನ್ನು ಹುಡುಕುವುದಕ್ಕೆ ತಗಲುವ ಸಮಯ ಮತ್ತು ಶ್ರಮವೇ ಆ ಬೆಲೆ ಎಂದು ತೋರಿಸಿಕೊಟ್ಟರು. ವಸ್ತು ಉಚಿತವಾದ ಮಾತ್ರಕ್ಕೆ ಅದನ್ನು ಹುಡುಕುವ ವೆಚ್ಚ ಇಲ್ಲವಾಗುವುದಿಲ್ಲ. ಈ ವೆಚ್ಚ ಎಲ್ಲರಿಗೂ ಒಂದೇ ಸಮನಾಗಿರುವುದೂ ಇಲ್ಲ. ಇಂಗ್ಲಿಷ್ ಬಲ್ಲವನಿಗೆ, ತಿಳಿದವರ ಒಡನಾಟ ಉಳ್ಳವನಿಗೆ ಕಡಿಮೆ. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ, ಮನೆಯಲ್ಲಿ ತೆಲುಗನ್ನೋ ಲಂಬಾಣಿಯನ್ನೋ ಆಡುವ ಈ ಭಾಗದ ವಿದ್ಯಾರ್ಥಿಗೆ ಹೆಚ್ಚು.

ಉದಾಹರಣೆ ಕೊಡದೆ ಹೋದರೆ ಈ ಮಾತು ಬರಿಯ ಸಿದ್ಧಾಂತವಾದೀತು. ಗೊಡೋ ಎಂಬುದು ಆಟಗಳನ್ನು ಕಟ್ಟುವ ಒಂದು ತಂತ್ರಾಂಶ. ಅರ್ಜೆಂಟೀನಾದ ಇಬ್ಬರು ರೂಪಿಸಿದ ಅದನ್ನು 2014ರಿಂದ ಯಾರು ಬೇಕಾದರೂ ಉಚಿತವಾಗಿ ಬಳಸಬಹುದು, ತಿದ್ದಬಹುದು, ಹಂಚಬಹುದು. 2023ರ ಮಾರ್ಚ್‌ನಲ್ಲಿ ಅದರ ನಾಲ್ಕನೆಯ ಆವೃತ್ತಿ ಬಂದಾಗ ಆಟದ ಪಾತ್ರವನ್ನು ಚಲಿಸುವಂತೆ ಮಾಡುವ ಮೂಲಭೂತ ಘಟಕದ ಹೆಸರೇ ಬದಲಾಯಿತು, ಆಜ್ಞೆ ಬರೆಯುವ ಕ್ರಮವೂ ಬದಲಾಯಿತು. ಆದರೆ ಮೂರನೆಯ ಆವೃತ್ತಿಗೆಂದು ಮಾಡಿದ ಸಾವಿರಾರು ವಿಡಿಯೊ ಪಾಠಗಳು ಅಂತರ್ಜಾಲದಲ್ಲಿ ಹಾಗೆಯೇ ಉಳಿದಿವೆ. ಇದನ್ನರಿಯದ ವಿದ್ಯಾರ್ಥಿ ಹೊಸ ತಂತ್ರಾಂಶವನ್ನು ಇಳಿಸಿಕೊಂಡು, ಹಳೆಯ ಪಾಠವನ್ನು ನೋಡಿ, ಅಕ್ಷರಕ್ಕೆ ಅಕ್ಷರ ನಕಲು ಮಾಡಿದರೂ ಪರದೆಯ ಮೇಲೆ ಕೆಂಪು ಅಕ್ಷರಗಳಲ್ಲಿ ದೋಷವೆಂದು ಬರುತ್ತದೆ. ಪೈಥಾನ್ ಭಾಷೆಯ ಕಥೆಯೂ ಇದೇ. ಅದರ ಎರಡನೆಯ ಆವೃತ್ತಿಗೆ 2020ರ ಜನವರಿ 1ರಂದೇ ವಿದಾಯ ಹೇಳಲಾಗಿದೆ. ಆದರೆ ಆ ಆವೃತ್ತಿಯ ಪುಸ್ತಕಗಳು ಹಳೆಯ ಪುಸ್ತಕದಂಗಡಿಗಳಲ್ಲಿ ಇನ್ನೂ ಕಾಣಸಿಗುತ್ತವೆ. ಅವುಗಳಲ್ಲಿನ ಮೊದಲ ಪುಟದ ಮೊದಲ ಸಾಲೇ ಇಂದಿನ ಗಣಕದಲ್ಲಿ ಓಡುವುದಿಲ್ಲ.

ತಿಳಿದವನಿಗೆ ಇದು ಐದು ನಿಮಿಷದ ತೊಡಕು. ಒಂಟಿಯಾಗಿ ಕಲಿಯುವವನಿಗೆ ಅದು ತನ್ನ ಬುದ್ಧಿಯ ಮೇಲೆ ಬಂದ ತೀರ್ಪು. ‘ಇದು ನಮ್ಮಂಥವರಿಗಲ್ಲ’ ಎಂದು ಆತ ಪುಸ್ತಕ ಮುಚ್ಚಿಡುತ್ತಾನೆ. ಹೀಗೆ ಮುಚ್ಚಿಟ್ಟ ಪುಸ್ತಕಗಳನ್ನು ಯಾವ ಸಮೀಕ್ಷೆಯೂ ಎಣಿಸುವುದಿಲ್ಲ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿತು. ಅತ್ಯಂತ ಹಿಂದುಳಿದ 39ರಲ್ಲಿ ಅರ್ಧಕ್ಕಿಂತ ಹೆಚ್ಚು ಈ ಭಾಗದವೇ. ಸಮಿತಿಯ ಸೂಚಕಗಳಲ್ಲಿ ರಸ್ತೆ, ನೀರು, ಆಸ್ಪತ್ರೆ, ಶಾಲೆಗಳಂಥವಿದ್ದವು. ತಿಳಿದವರೊಬ್ಬರು ಕೈಗೆಟಕುವಷ್ಟು ದೂರದಲ್ಲಿ ಇದ್ದಾರೆಯೇ ಎಂಬುದಕ್ಕೆ ಯಾವ ಸೂಚಕವೂ ಇಲ್ಲ. ಜ್ಞಾನಾರ್ಥಿಯ ಪಾಲಿಗೆ ಅದೇ ಮುಖ್ಯವಾದ ಸೂಚಕ.

ಹುಡುಕಾಟದ ವೆಚ್ಚ ಹೆಚ್ಚಾದಲ್ಲಿ ಮಧ್ಯವರ್ತಿ ಹುಟ್ಟುತ್ತಾನೆ. ದೊಡ್ಡ ಊರುಗಳಲ್ಲಿ ಫಲಕ ಹಾಕಿಕೊಂಡು ಗೇಮ್ ಕೋರ್ಸುಗಳಿಗೆ ದೊಡ್ಡ ಮೊತ್ತದ ಶುಲ್ಕ ಪಡೆಯುವ ಸಂಸ್ಥೆಗಳಿವೆ. ಅವುಗಳಲ್ಲಿ ಒಳ್ಳೆಯವೂ ಇರಬಹುದು. ಆದರೆ ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸುವ ಶಕ್ತಿ ಕೊಳ್ಳುವವನಿಗೆ ಇಲ್ಲದಿದ್ದಾಗ ಮಾರುಕಟ್ಟೆಯಲ್ಲಿ ಕಳಪೆ ಸರಕೇ ಮೇಲುಗೈ ಪಡೆಯುತ್ತದೆ ಎಂದು ಜಾರ್ಜ್ ಅಕರ್ಲಾಫ್ 1970ರಲ್ಲೇ ವಿವರಿಸಿದ್ದಾರೆ. ತೊಗರಿ ಮಾರಿದ ಹಣವನ್ನು ಅಂಥ ಕಡೆ ಕಟ್ಟುವ ಮೊದಲು ಪಾಲಕರು ತಿಳಿದಿರಬೇಕಾದ ಸಂಗತಿಯೆಂದರೆ, ಮೊದಲ ಎರಡು ವರ್ಷದ ಕಲಿಕೆಗೆ ಬೇಕಾದ ಸಾಮಗ್ರಿಗೆ ಒಂದು ಪೈಸೆಯನ್ನೂ ತೆರಬೇಕಿಲ್ಲ.

ದಾರಿ ಇದೆ

ಹಾಗಾದರೆ ಯಾವ ಕ್ರಮದಲ್ಲಿ ಕಲಿಯಬೇಕು? ಪ್ರೌಢಶಾಲೆಯ ಮಕ್ಕಳಿಗೆ ಮೊದಲ ಮೆಟ್ಟಿಲು ಸ್ಕ್ರಾಚ್. ಅಮೆರಿಕದ ಎಂಐಟಿಯ ಮೀಡಿಯಾ ಲ್ಯಾಬ್ 2007ರಲ್ಲಿ ಹೊರತಂದ ಇದರಲ್ಲಿ ಆಜ್ಞೆಗಳನ್ನು ಟೈಪ್ ಮಾಡಬೇಕಿಲ್ಲ. ಬಣ್ಣದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿದರೆ ಸಾಕು. ಒಮ್ಮೆ ಗಣಕಕ್ಕೆ ಹಾಕಿಕೊಂಡರೆ ಅಂತರ್ಜಾಲವಿಲ್ಲದೆಯೂ ನಡೆಯುತ್ತದೆ. ಎರಡನೆಯ ಮೆಟ್ಟಿಲು ಪೈಥಾನ್. ಆಲ್ ಸ್ವೈಗಾರ್ಟ್ ಅವರು ಪೈಥಾನ್ ಮೂಲಕ ಆಟಗಳನ್ನು ರಚಿಸಲು ಕಲಿಸುವ ಪುಸ್ತಕವೊಂದನ್ನು ಬರೆದು, ಅದನ್ನು ಅಂತರ್ಜಾಲದಲ್ಲಿ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದ್ದಾರೆ. ಅದರ ಇಂಗ್ಲಿಷ್ ಸರಳ. ಪಿಯುಸಿ ವಿದ್ಯಾರ್ಥಿ ನಿಘಂಟಿನ ನೆರವಿನಿಂದ ಓದಬಲ್ಲ. ಮೂರನೆಯ ಮೆಟ್ಟಿಲು ಮೇಲೆ ಹೇಳಿದ ಗೊಡೋ. ಅದರ ಅಧಿಕೃತ ಕೈಪಿಡಿಯೇ ಒಳ್ಳೆಯ ಗುರು. ಯಾವ ಆವೃತ್ತಿಗೆ ಯಾವ ಪಾಠ ಎಂಬುದು ಅಲ್ಲಿ ಸ್ಪಷ್ಟವಾಗಿರುತ್ತದೆ. ಎರಡು ಆಯಾಮದ ಸಣ್ಣ ಆಟಗಳಿಗೆ ಹಳೆಯ ಸಾಮಾನ್ಯ ಗಣಕವೇ ಸಾಕು. ಆಕೃತಿಗಳನ್ನು ರಚಿಸಲು ಬ್ಲೆಂಡರ್ ಇದೆ, ಅದೂ ಉಚಿತ.

ಇಷ್ಟು ದಾಟಿದವರಿಗೆ ಎರಡು ಗ್ರಂಥಗಳನ್ನು ಹೆಸರಿಸಬಹುದು. ರಾಬರ್ಟ್ ನೈಸ್ಟ್ರಾಮ್ ಅವರ ‘ಗೇಮ್ ಪ್ರೋಗ್ರಾಮಿಂಗ್ ಪ್ಯಾಟರ್ನ್ಸ್’ (2014), ಬೆಳೆಯುತ್ತಾ ಹೋಗುವ ಆಟದ ಆಜ್ಞಾಸಾಲುಗಳನ್ನು ಗೋಜಲಾಗದಂತೆ ಅಚ್ಚುಕಟ್ಟಾಗಿ ಇಡುವುದು ಹೇಗೆಂದು ಹೇಳುತ್ತದೆ. ಡೇನಿಯಲ್ ಶಿಫ್‌ಮನ್ ಅವರ ‘ದ ನೇಚರ್ ಆಫ್ ಕೋಡ್’, ಗುರುತ್ವ, ಘರ್ಷಣೆ, ಹಕ್ಕಿಗಳ ಹಿಂಡಿನ ಚಲನೆ ಮೊದಲಾದ ನಿಸರ್ಗದ ಕ್ರಿಯೆಗಳನ್ನು ಗಣಕದಲ್ಲಿ ಮೂಡಿಸುವ ಬಗೆಯನ್ನು ಕಲಿಸುತ್ತದೆ. ಎರಡನ್ನೂ ಲೇಖಕರು ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಇಟ್ಟಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 ಸರಣಿಯಲ್ಲಿ ಗೇಮ್ ರಚನೆಯ ಪ್ರತ್ಯೇಕ ಪಾಠಮಾಲೆಯೇ ಇದೆ. ಮುಂಬೈ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಪ್ರೋಗ್ರಾಮಿಂಗ್ ಭಾಷೆಗಳ ಹತ್ತು ನಿಮಿಷದ ಕಿರುಪಾಠಗಳಿದ್ದು, ಅವುಗಳಲ್ಲಿ ಹಲವಕ್ಕೆ ಕನ್ನಡದ ಧ್ವನಿಯೂ ಇದೆ.

ಇನ್ನು ಗಣಿತ. ಆಟದ ಪರದೆಯ ಮೇಲೆ ಚೆಂಡು ಗೋಡೆಗೆ ಬಡಿದು ಪುಟಿಯುವುದಕ್ಕೆ ಸದಿಶಗಳು ಬೇಕು. ಆಕೃತಿ ತಿರುಗುವುದಕ್ಕೆ ತ್ರಿಕೋನಮಿತಿ ಮತ್ತು ಮಾತೃಕೆಗಳು ಬೇಕು. ಅದೃಷ್ಟದ ಅಂಶಕ್ಕೆ ಸಂಭವನೀಯತೆ ಬೇಕು. ಇವೆಲ್ಲವೂ ಪಿಯುಸಿ ಗಣಿತದ ಪಠ್ಯದಲ್ಲೇ ಇವೆ. ಚಿತ್ತಾಪುರದ ವಿದ್ಯಾರ್ಥಿಯ ಚೀಲದಲ್ಲಿ ಆ ಪುಸ್ತಕ ಈಗಾಗಲೇ ಇದೆ. ‘ಇದನ್ನೆಲ್ಲ ಯಾಕೆ ಕಲಿಯಬೇಕು ಸರ್?’ ಎಂದು ಅವನು ಕೇಳಿದಾಗ ಉಪನ್ಯಾಸಕರು ಕೊಡಬಹುದಾದ ಒಳ್ಳೆಯ ಉತ್ತರಗಳಲ್ಲಿ ಆಟದ ರಚನೆಯೂ ಒಂದು.

ಮಳಖೇಡದ ಲೆಕ್ಕ

ಗಣಿತದ ಮಾತು ಬಂದಾಗ ಮಳಖೇಡವನ್ನು ನೆನೆಯದೆ ಮುಂದೆ ಹೋಗಲಾಗದು. ಸೇಡಂ ತಾಲ್ಲೂಕಿನ ಈ ಊರು ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ‘ಕವಿರಾಜಮಾರ್ಗ’ದ ಕಾರಣದಿಂದ ಅಮೋಘವರ್ಷ ನೃಪತುಂಗನನ್ನು ಕನ್ನಡಿಗರೆಲ್ಲ ಬಲ್ಲರು. ಅವನ ಆಳ್ವಿಕೆಯನ್ನು ಕೊಂಡಾಡಿ ಕ್ರಿ.ಶ. 850ರ ಸುಮಾರಿನಲ್ಲಿ ಮಹಾವೀರಾಚಾರ್ಯ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ರಚಿಸಿದ. ಕೆಲವು ವಸ್ತುಗಳಿಂದ ಇಂತಿಷ್ಟನ್ನು ಎಷ್ಟು ಬಗೆಯಲ್ಲಿ ಆಯಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರವನ್ನು ಕೊಟ್ಟ ಆರಂಭದ ಗ್ರಂಥಗಳಲ್ಲಿ ಅದು ಒಂದು. ಮದ್ರಾಸಿನ ರಂಗಾಚಾರ್ಯರ ಇಂಗ್ಲಿಷ್ ಅನುವಾದ 1912ರಲ್ಲೂ, ಪದ್ಮಾವತಮ್ಮನವರ ಕನ್ನಡ ಅನುವಾದ 2000ದಲ್ಲಿ ಹೊಂಬುಜದಿಂದಲೂ ಪ್ರಕಟವಾಗಿವೆ.

ಆ ಸೂತ್ರಕ್ಕೂ ಇಂದಿನ ಆಟದ ವಿದ್ಯೆಗೂ ಏನು ಸಂಬಂಧ? ನಮ್ಮ ಕಟ್ಟೆಗಳ ಮೇಲೆ ಆಡುವ ಚೌಕಾಬಾರವನ್ನೇ ತೆಗೆದುಕೊಳ್ಳಿ. ನಾಲ್ಕು ಕವಡೆ ಎಸೆದಾಗ ಅಂಗಾತ ಬಿದ್ದವುಗಳನ್ನು ಎಣಿಸುತ್ತಾರೆ. ನಾಲ್ಕೂ ಅಂಗಾತವಾದರೆ ನಾಲ್ಕು, ನಾಲ್ಕೂ ಬೋರಲಾದರೆ ಎಂಟು. ಇದನ್ನು ಗಣಕಕ್ಕೆ ಇಳಿಸಹೊರಟ ಹೊಸಬ, ಒಂದು, ಎರಡು, ಮೂರು, ನಾಲ್ಕು, ಎಂಟು ಎಂಬ ಐದು ಅಂಕಿಗಳಲ್ಲಿ ಯಾವುದಾದರೊಂದನ್ನು ಸಮಾನ ಅವಕಾಶದಿಂದ ಆರಿಸು ಎಂದು ಆಜ್ಞೆ ಬರೆಯುತ್ತಾನೆ. ಆಟ ನಡೆಯುತ್ತದೆ, ಆದರೆ ರುಚಿ ಕೆಡುತ್ತದೆ. ಏಕೆಂದರೆ ಕವಡೆಯ ಎರಡೂ ಮಗ್ಗುಲಿಗೆ ಸಮಾನ ಅವಕಾಶವಿದೆಯೆಂದುಕೊಂಡರೆ ನಾಲ್ಕು ಕವಡೆಗಳು ಬೀಳುವ ಬಗೆ ಒಟ್ಟು 16. ಅದರಲ್ಲಿ ಒಂದು ಅಂಗಾತ ಬೀಳುವ ಬಗೆ 4, ಎರಡು ಅಂಗಾತ ಬೀಳುವ ಬಗೆ 6, ಮೂರರದು 4, ನಾಲ್ಕರದು 1, ಎಂಟರದು 1. ಅಂದರೆ ಎಂಟು ಬೀಳುವುದು ಹದಿನಾರಕ್ಕೆ ಒಮ್ಮೆ. ಹೊಸಬನ ಗಣಕದಲ್ಲಾದರೋ ಐದಕ್ಕೊಮ್ಮೆ! ಅಪರೂಪಕ್ಕೆ ಬೀಳುವುದರಿಂದಲೇ ಎಂಟಕ್ಕೆ ಕಟ್ಟೆಯ ಸುತ್ತ ಕೇಕೆ ಏಳುವುದು. ನಾಲ್ಕರಿಂದ ಎರಡನ್ನು ಆರು ಬಗೆಯಲ್ಲಿ ಆಯಬಹುದೆಂಬುದು ಮಹಾವೀರಾಚಾರ್ಯನ ಸೂತ್ರದಿಂದ ನೇರವಾಗಿ ದೊರೆಯುವ ಲೆಕ್ಕ.

ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠ ಬೇಕೆ? ನಿಯಮಗಳು ಗೊತ್ತಿವೆ, ಆಟ ಮನೆಯದು, ಗಣಿತ ಊರಿನದು. ಚೌಕಾಬಾರ ಆದ ಮೇಲೆ ಹುಲಿ-ಕುರಿ ಆಟಕ್ಕೆ ಕೈ ಹಾಕಬಹುದು. ಅಲ್ಲಿ ಗಣಕವೇ ಹುಲಿಯಾಗಿ ಯೋಚಿಸಿ ನಡೆ ಇಡಬೇಕಾಗುವುದರಿಂದ, ಮುಂದಿನ ಸಾಧ್ಯತೆಗಳನ್ನು ಎಣಿಸಿ ತೂಗುವ ವಿದ್ಯೆಯ ಮೊದಲ ಅಕ್ಷರಗಳು ತಾವಾಗಿಯೇ ಕಲಿತಂತಾಗುತ್ತದೆ. ಅಮೆರಿಕದ ಪುಸ್ತಕದಲ್ಲಿನ ಬಾಹ್ಯಾಕಾಶ ಯುದ್ಧದ ಉದಾಹರಣೆಗಿಂತ ಇದು ಬೇಗ ಮನಸ್ಸಿಗೆ ಇಳಿಯುತ್ತದೆ.

ಕನ್ನಡದ ಪ್ರಶ್ನೆ

ಪ್ರೋಗ್ರಾಮಿಂಗನ್ನು ಕನ್ನಡದಲ್ಲಿ ಕಲಿಸಬಹುದೇ ಎಂದು ಹುಬ್ಬೇರಿಸುವವರಿದ್ದಾರೆ. ಡಾ. ಯು.ಬಿ. ಪವನಜ ಅವರು ಎರಡು ದಶಕಗಳ ಹಿಂದೆಯೇ ಮಕ್ಕಳಿಗಾಗಿ ಲೋಗೊ ಪ್ರೋಗ್ರಾಮಿಂಗ್ ಭಾಷೆಯ ಕನ್ನಡ ಆವೃತ್ತಿಯನ್ನು ರೂಪಿಸಿ ಮಂಥನ್ ಪ್ರಶಸ್ತಿ ಪಡೆದಿದ್ದರು. ಆಜ್ಞೆಗಳನ್ನೇ ಕನ್ನಡದಲ್ಲಿ ಬರೆದು ಪರದೆಯ ಮೇಲೆ ಚಿತ್ರ ಬಿಡಿಸಬಹುದೆಂದು ಅದು ತೋರಿಸಿಕೊಟ್ಟಿತು. ಆ ಆರಂಭಕ್ಕೆ ಶಾಲೆಗಳಲ್ಲಿ ಸಿಗಬೇಕಾದ ಮುಂದುವರಿಕೆ ಸಿಗಲಿಲ್ಲ.

ಇಂದಿನ ವೃತ್ತಿಪರ ಭಾಷೆಗಳ ಆಜ್ಞೆಗಳು ಇಂಗ್ಲಿಷಿನಲ್ಲೇ ಇರಲಿ, ಅದರಿಂದ ನಷ್ಟವಿಲ್ಲ. ಅವು ನೆನಪಿಡಬೇಕಾದ ನಲವತ್ತೋ ಐವತ್ತೋ ಪದಗಳು ಅಷ್ಟೆ. ವಾಡಿಯ ಸಿಮೆಂಟ್ ಕಾರ್ಮಿಕ ಕಿಲ್ನ್, ಕ್ಲಿಂಕರ್ ಎಂಬ ಪದಗಳನ್ನು ತನ್ನ ಮಾತಿನೊಳಗೆ ಸಲೀಸಾಗಿ ಬೆರೆಸಿಕೊಂಡಿಲ್ಲವೇ? ಕನ್ನಡದಲ್ಲಿ ಬೇಕಿರುವುದು ವಿವರಣೆ. ಏಕೆ ಹೀಗೆ, ತಪ್ಪಾದರೆ ಎಲ್ಲಿ ನೋಡಬೇಕು, ಈ ದೋಷಸಂದೇಶದ ಅರ್ಥವೇನು ಎಂಬುದು. ಕನ್ನಡದಲ್ಲಿ ದೊರೆಯುವ ಗಣಕ ಪುಸ್ತಕಗಳ ಬಹುಪಾಲು ಗಣಕವನ್ನು ಬಳಸುವುದನ್ನು ಹೇಳುತ್ತವೆ. ಅದರಿಂದ ಹೊಸತನ್ನು ಕಟ್ಟುವುದನ್ನು ಹೇಳುವಂಥವು ವಿರಳ. ಈಗ ಕೃತಕ ಬುದ್ಧಿಮತ್ತೆಯ ಸಾಧನಗಳು ಕನ್ನಡದಲ್ಲೇ ಉತ್ತರಿಸುತ್ತವೆ, ದೋಷಸಂದೇಶವನ್ನು ಬಿಡಿಸಿ ಹೇಳುತ್ತವೆ. ಇದು ದೊಡ್ಡ ಅನುಕೂಲವೇ ಸರಿ. ಆದರೆ ಅವು ತಪ್ಪನ್ನೂ ಅಷ್ಟೇ ಆತ್ಮವಿಶ್ವಾಸದಿಂದ ಹೇಳಬಲ್ಲವು. ಸರಿ-ತಪ್ಪು ತೂಗುವಷ್ಟು ಅಡಿಪಾಯ ಇಲ್ಲದವನಿಗೆ ಅವು ಗುರುವಿನ ಸ್ಥಾನ ತುಂಬಲಾರವು.

ಆಗಬೇಕಾದದ್ದೇನು?

ಹೊಸ ಇಲಾಖೆ, ಹೊಸ ಕಟ್ಟಡ, ಹೊಸ ನಿಗಮ ಯಾವುದೂ ಬೇಕಿಲ್ಲ. ಇರುವ ವ್ಯವಸ್ಥೆಯೊಳಗೆ ಮಾಡಬಹುದಾದ ನಾಲ್ಕು ಕೆಲಸಗಳನ್ನು ಸೂಚಿಸುತ್ತೇನೆ.

ಮೊದಲನೆಯದು ಗ್ರಂಥಾಲಯ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜತೆಗೆ ಗ್ರಂಥಾಲಯ ಕರವನ್ನು ನಾವೆಲ್ಲ ಕಟ್ಟುತ್ತಿದ್ದೇವೆ. 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಬಂದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಇಂದು ‘ಅರಿವು ಕೇಂದ್ರ’ಗಳಾಗಿವೆ, ರಾಜ್ಯದಲ್ಲಿ ಅವುಗಳ ಸಂಖ್ಯೆ ಐದು ಸಾವಿರಕ್ಕೂ ಹೆಚ್ಚು. ಪೇಟೆಯ ಗ್ರಂಥಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳ ಮಾರ್ಗದರ್ಶಿಗಳಿಗೆ ಸಿಗುವ ಜಾಗದಲ್ಲಿ ಒಂದೇ ಒಂದು ಅಟ್ಟಣಿಗೆಯನ್ನು ಪ್ರೋಗ್ರಾಮಿಂಗ್‌ಗೆ ಕೊಟ್ಟರೆ ಸಾಕು. ಪುಸ್ತಕಗಳನ್ನು ಆರಿಸುವಾಗ ಪ್ರಕಟಣೆಯ ವರ್ಷ ಮತ್ತು ಆವೃತ್ತಿಯನ್ನು ನೋಡುವ ನಿಯಮವಿರಲಿ. ಈ ವಿಷಯದಲ್ಲಿ ಹಳೆಯ ಪುಸ್ತಕ ಅನುಪಯುಕ್ತವಷ್ಟೇ ಅಲ್ಲ, ಹಾನಿಕರ.

ಎರಡನೆಯದು ಸಂಗ್ರಹ. ಮೇಲೆ ಹೆಸರಿಸಿದ ತಂತ್ರಾಂಶಗಳು, ಗೊಡೋ ಕೈಪಿಡಿ, ಸ್ವೈಗಾರ್ಟ್ ಅವರ ಪುಸ್ತಕ ಇವುಗಳ ಪರವಾನಗಿಗಳು ಲಾಭರಹಿತ ಹಂಚಿಕೆಗೆ ಅವಕಾಶ ನೀಡುತ್ತವೆ. ಇವೆಲ್ಲವನ್ನೂ ಒಂದಕ್ಕೊಂದು ಹೊಂದುವ ಆವೃತ್ತಿಗಳಲ್ಲಿ ಒಂದು ಹಾರ್ಡ್ ಡಿಸ್ಕಿನಲ್ಲಿ ತುಂಬಿ, ಯಾವುದನ್ನು ಮೊದಲು, ಯಾವುದನ್ನು ಆಮೇಲೆ ನೋಡಬೇಕೆಂಬ ನಾಲ್ಕು ಪುಟದ ಕನ್ನಡ ಕೈಪಿಡಿಯೊಡನೆ ಪ್ರತಿ ಗ್ರಂಥಾಲಯ, ಪ್ರೌಢಶಾಲೆ, ಐಟಿಐ, ಪಾಲಿಟೆಕ್ನಿಕ್‌ಗೆ ಕೊಡಬಹುದು. ವರ್ಷಕ್ಕೊಮ್ಮೆ ನವೀಕರಿಸಿದರಾಯಿತು. ಅಂತರ್ಜಾಲದ ಸಂಪರ್ಕ ಪದೇ ಪದೇ ಕೈಕೊಡುವ ಚಿಂಚೋಳಿಯ ತಾಂಡಾಗಳಿಗೆ ಇದು ವರದಾನವಾದೀತು. ಹುಡುಕಾಟದ ವೆಚ್ಚವನ್ನು ಸಮಾಜ ಒಮ್ಮೆ ಭರಿಸಿದರೆ ಸಾವಿರ ಮಕ್ಕಳಿಗೆ ಅದು ಉಳಿತಾಯ. ಅರ್ಥಶಾಸ್ತ್ರದಲ್ಲಿ ಸಾರ್ವಜನಿಕ ಸರಕು ಎನ್ನುವುದು ಇಂಥದ್ದಕ್ಕೇ.

ಮೂರನೆಯದು ಮನುಷ್ಯ. ವಾರಕ್ಕೊಮ್ಮೆ, ಭಾನುವಾರ ಮೂರು ಗಂಟೆ, ಕಾಲೇಜಿನ ಗಣಕ ಪ್ರಯೋಗಾಲಯದ ಬೀಗ ತೆಗೆದು ಒಬ್ಬ ಮಾರ್ಗದರ್ಶಿ ಕುಳಿತಿರಲಿ. ಕಲಬುರಗಿಯ ಎಂಜಿನಿಯರಿಂಗ್ ಕಾಲೇಜುಗಳ ಹಿರಿಯ ವಿದ್ಯಾರ್ಥಿಗಳೇ ಈ ಕೆಲಸಕ್ಕೆ ಒದಗಬಲ್ಲರು. ಪ್ರಯಾಣದ ಖರ್ಚು ಮತ್ತು ಗೌರವಧನಕ್ಕೆ ದಾರಿಯಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ನಿಗದಿತ ಮಟ್ಟದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಹೊಣೆಗಾರಿಕೆಗೆ ವೆಚ್ಚ ಮಾಡಬೇಕೆನ್ನುತ್ತದೆ. ತಾವು ಕಾರ್ಯನಿರ್ವಹಿಸುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದೂ ಹೇಳುತ್ತದೆ. ಸುಣ್ಣಕಲ್ಲು ಯಾವ ನೆಲದ್ದೋ ಅದೇ ನೆಲದ ಮಕ್ಕಳಿಗೆ ಈ ಸಣ್ಣ ಮೊತ್ತ ಹೆಚ್ಚಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯೂ ಕಟ್ಟಡ, ರಸ್ತೆಗಳ ಪಟ್ಟಿಯ ಕೊನೆಗೆ ಇದನ್ನೊಂದು ಸಾಲಾಗಿ ಸೇರಿಸಿಕೊಳ್ಳಬಹುದು.

ನಾಲ್ಕನೆಯದು ಕನ್ನಡ ಪುಸ್ತಕ. ಚೌಕಾಬಾರದಿಂದ ಆರಂಭಿಸಿ ಗೊಡೋವರೆಗೆ ಕರೆದೊಯ್ಯುವ ಇನ್ನೂರು ಪುಟದ ಪುಸ್ತಕವೊಂದನ್ನು ಪುಸ್ತಕ ಪ್ರಾಧಿಕಾರವೋ ವಿಶ್ವವಿದ್ಯಾಲಯದ ಪ್ರಸಾರಾಂಗವೋ ಬರೆಯಿಸಲಿ. ಮುದ್ರಿತ ಪ್ರತಿಗೆ ಬೆಲೆಯಿರಲಿ, ಅಂತರ್ಜಾಲದ ಪ್ರತಿ ಮುಕ್ತವಾಗಿರಲಿ.

ಇಷ್ಟೆಲ್ಲ ಮಾಡಿದರೆ ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಪ್ರಾಮಾಣಿಕವಾಗಿ ಹೇಳುವುದಾದರೆ ಗೇಮ್ ಉದ್ಯಮದಲ್ಲಿ ಏರಿಳಿತಗಳು ತೀವ್ರ. 2023 ಮತ್ತು 2024ರಲ್ಲಿ ಜಗತ್ತಿನಾದ್ಯಂತ ಸಾವಿರಾರು ಮಂದಿ ಅಲ್ಲಿ ಕೆಲಸ ಕಳೆದುಕೊಂಡರು. ಆದ್ದರಿಂದ ಮಕ್ಕಳಿಗೆ ಆಕಾಶ ತೋರಿಸುವುದು ಸಲ್ಲದು. ಆದರೆ ಈ ವಿದ್ಯೆ ಆಟಕ್ಕಷ್ಟೇ ಸೀಮಿತವಲ್ಲ. ವೈದ್ಯರ ಶಸ್ತ್ರಚಿಕಿತ್ಸಾ ತರಬೇತಿಯಿಂದ ಗಣಿ ಮತ್ತು ಕಾರ್ಖಾನೆಗಳ ಸುರಕ್ಷತಾ ತರಬೇತಿಯವರೆಗೆ ಅನುಕರಣ ತಂತ್ರಾಂಶಗಳು ಬಳಕೆಯಲ್ಲಿವೆ; ಅವೆಲ್ಲ ಇದೇ ವಿದ್ಯೆಯ ಕವಲುಗಳು. ಒಂದು ಸಣ್ಣ ಆಟವನ್ನು ಮೊದಲಿನಿಂದ ಕೊನೆಯವರೆಗೆ ತಾನೇ ಕಟ್ಟಿ ಮುಗಿಸಿದ ವಿದ್ಯಾರ್ಥಿ ಬೇರೆ ಯಾವ ಪ್ರೋಗ್ರಾಮಿಂಗ್ ಕೆಲಸಕ್ಕೂ ಹೆದರುವುದಿಲ್ಲ.

ಸಂವಿಧಾನದ 371ಜೆ ವಿಧಿ ಈ ಭಾಗದ ಮಕ್ಕಳಿಗೆ ಕಾಲೇಜಿನ ಸೀಟು ಮತ್ತು ನೌಕರಿಯಲ್ಲಿ ಪಾಲು ಕೊಟ್ಟಿದೆ. ಅದು ಬಾಗಿಲು. ಬಾಗಿಲವರೆಗೆ ನಡೆದು ಬರುವ ದಾರಿಯನ್ನು ಕಾನೂನು ಹಾಕಿಕೊಡಲಾರದು. ಗ್ರಂಥಪಾಲಕರು, ಉಪನ್ಯಾಸಕರು, ಊರಿನ ಹಿರಿಯರು ಹಾಕಿಕೊಡಬೇಕು. ಬರುವ ಬೇಸಿಗೆ ರಜೆಗೆ ಮುನ್ನ ಐದೂ ಊರುಗಳಲ್ಲಿ ಒಂದೊಂದು ಪ್ರಯೋಗಾಲಯದ ಬೀಗ ತೆರೆಯುವುದು ಅಸಾಧ್ಯದ ಮಾತೇನಲ್ಲ. ಅದಕ್ಕೆ ಬೇಕಿರುವುದು ಅನುದಾನಕ್ಕಿಂತ ಹೆಚ್ಚಾಗಿ, ಬೀಗದ ಕೈ ಹಿಡಿದವರ ಒಪ್ಪಿಗೆ.